ಅದೇ ಬೀದಿ, ಇನ್ನೊಂದು ಸುತ್ತು

“ಎಡಕ್ಕೆ ತಗೊಳ್ಳಿ ಮೇಡಂ. ನಿಧಾನ. ಮತ್ತೆ ಎಡಕ್ಕೆ,” ಎಂದರು ಡ್ರೈವಿಂಗ್ ಮಾಸ್ಟರು. ಗಾಡಿ ಕಲಿಯುತ್ತಿದ್ದ ಅಂಚೆ ಕಚೇರಿಯ ಮೇಡಂ ಸ್ಟೀರಿಂಗ್ ತಿರುಗಿಸಿದರು. ಕಾರು ಮೂರನೇ ಸಲ ಅದೇ ಬೀದಿಗೆ ಬಂತು. ಅದೇ ಲಾಂಡ್ರಿ, ಅದೇ ಸೈಕಲ್ ಅಂಗಡಿ, ಜಗುಲಿಯ ಮೇಲೆ ಮಲಗಿದ್ದ ಅದೇ ನಾಯಿ. ಮೊದಲ ಸುತ್ತಿನಲ್ಲಿ ಎದ್ದು ಬೊಗಳಿದ್ದ ನಾಯಿ ಈಗ ಕಣ್ಣು ಕೂಡ ತೆರೆಯಲಿಲ್ಲ.

ಕಣ್ಣು ಕಟ್ಟಿ ಬಿಟ್ಟರೂ ಊರಿನ ಯಾವ ಓಣಿ ಎಲ್ಲಿ ಕೂಡುತ್ತದೆಂದು ಹೇಳಬಲ್ಲ ಮಾಸ್ಟರಿಗೆ ಇವತ್ತು ಒಂದು ಬಾಗಿಲು ಸಿಗುತ್ತಿರಲಿಲ್ಲ. ಕುಡಿತ ಬಿಡುವವರ ಸಭೆ ಲಾಂಡ್ರಿಯ ಎದುರು, ಮೇಲಿನ ಮಹಡಿಯಲ್ಲಿ, ಸಂಜೆ ಆರಕ್ಕೆ ಎಂದು ಫೋನಿನಲ್ಲಿ ಯಾರೋ ಹೇಳಿದ್ದರು. ಲಾಂಡ್ರಿಯ ಎದುರು ನೋಡಿದರೆ ಸಾಲಾಗಿ ಮಹಡಿ ಮನೆಗಳು, ಒಂದಕ್ಕೂ ಬೋರ್ಡಿಲ್ಲ. ಇಳಿದು ಕೇಳೋಣವೆಂದರೆ ಊರಿನ ಅರ್ಧ ಜನ ಅವರ ಹತ್ತಿರವೇ ಗಾಡಿ ಕಲಿತವರು. ಅಂಥವರ ಮುಂದೆ ಬಾಯಿ ಬಿಡುವುದು ಹೇಗೆ?

ಹೆಂಡತಿಯ ಬೈಗುಳ ಅವರಿಗೆ ಎಂದೋ ಅಭ್ಯಾಸವಾಗಿ ಹೋಗಿತ್ತು. ಇವತ್ತು ಬೆಳಿಗ್ಗೆ ಮಾತ್ರ ಮಗಳು ಚೀಲ ಹೆಗಲಿಗೇರಿಸಿಕೊಂಡು, “ನಾನು ಬಸ್ಸಲ್ಲೇ ಹೋಗ್ತೀನಿ ಅಪ್ಪ,” ಎಂದಿದ್ದಳು. ಸಿಟ್ಟಿನಿಂದಲ್ಲ, ಬಹಳ ಮೆತ್ತಗೆ, ಅಪ್ಪನಿಗೆ ನೋವಾಗದ ಹಾಗೆ. ಅದೇ ಹೆಚ್ಚು ನೋಯಿಸಿತ್ತು. ಊರಿಗೆಲ್ಲ ಗಾಡಿ ಕಲಿಸುವವನ ಪಕ್ಕದಲ್ಲಿ ಕೂರಲು ಹೆತ್ತ ಮಗಳೇ ಹೆದರಿದರೆ ಮನುಷ್ಯ ಯಾವ ಮುಖ ಹೊತ್ತು ತಿರುಗಬೇಕು? ಬೆಳಗಿನಿಂದ ಒಂದು ತೊಟ್ಟೂ ಮುಟ್ಟದೆ ಸಂಜೆಯವರೆಗೆ ತಳ್ಳಿದ್ದರು.

“ಇಲ್ಲೇ ನಿಲ್ಲಿಸಿ. ಪಾರ್ಕಿಂಗ್ ಅಭ್ಯಾಸ ಮಾಡೋಣ,” ಎಂದು ಮಾಸ್ಟರು ಕಿಟಕಿಯಿಂದ ಕತ್ತು ಹೊರಗೆ ಚಾಚಿ ಮಹಡಿಗಳನ್ನು ನೋಡತೊಡಗಿದರು. ಮೇಡಂ ಬಹಳ ಕಷ್ಟಪಟ್ಟು ಕಾರನ್ನು ಅಡ್ಡಾದಿಡ್ಡಿ ನಿಲ್ಲಿಸಿದರು.

“ಹಿಂದಿನ ಚಕ್ರ ಚರಂಡಿ ಅಂಚಲ್ಲಿದೆ ಮಾಸ್ಟ್ರೇ. ಆದ್ರೂ ನೀವು ಬೈಲಿಲ್ಲ. ಏನು ಹುಡುಕ್ತಿದೀರಿ?”

“ನನಗಲ್ಲ ಮೇಡಂ,” ಎಂದರು ಮಾಸ್ಟರು. “ನನ್ನ ಭಾವಮೈದುನ ಒಬ್ಬ ಇದ್ದಾನೆ. ಅವನಿಗೆ ಸ್ವಲ್ಪ ಕುಡಿಯೋ ಚಟ. ಅದನ್ನ ಬಿಡಿಸೋ ಸಭೆ ಇಲ್ಲೆಲ್ಲೋ ನಡೆಯುತ್ತಂತೆ.”

ಭಾವಮೈದುನ ಎಂಬ ಆ ಪಾಪದ ಪ್ರಾಣಿ ಸೋಡಾದ ಗುಳ್ಳೆಗೂ ಹೆದರುವ ಆಸಾಮಿ. ಆದರೆ ಒಮ್ಮೆ ಬಾಯಿ ಬಿಟ್ಟಿದ್ದೇ ತಡ, ಮಾಸ್ಟರು ಎಲ್ಲವನ್ನೂ ಅವನ ತಲೆಗೆ ಕಟ್ಟಿದರು. ಬೆಳಿಗ್ಗೆ ಎದ್ದರೆ ಕೈ ನಡುಗುವುದು, ಕೆಲಸಕ್ಕೆ ಹೋಗುವ ಮೊದಲು ಲವಂಗ ಅಗಿಯುವುದು, ಕೊನೆಗೆ ಮಗಳು ಬಸ್ಸು ಹತ್ತಿದ್ದು. ಅಲ್ಲಿಗೆ ಬಂದಾಗ ಅವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಮೇಡಂ ನಗಲಿಲ್ಲ.

“ಲವಂಗದಿಂದ ವಾಸನೆ ಹೋಗಲ್ಲ ಅಂತ ನಿಮ್ಮ ಭಾವಮೈದುನರಿಗೆ ಹೇಳಿ. ನನ್ನ ಡ್ರಾಯರ್ ತುಂಬ ಲವಂಗಾನೇ ಇರ್ತಿತ್ತು. ಆದ್ರೂ ಕೌಂಟರಿಗೆ ಬಂದೋರು ಒಂದು ಹೆಜ್ಜೆ ಹಿಂದೇನೇ ನಿಲ್ತಿದ್ರು.”

ಮಾಸ್ಟರ ಬಾಯಲ್ಲಿದ್ದ ಲವಂಗ ಅಲ್ಲೇ ನಿಂತಿತು. ಇಸ್ತ್ರಿ ಮಾಡಿದ ಸೀರೆ, ಬಿಗಿಯಾಗಿ ಕಟ್ಟಿದ ತುರುಬಿನ ಈ ಹೆಂಗಸನ್ನು ಅವರು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ಮೇಡಂ ಮಾತ್ರ ಸ್ಟ್ಯಾಂಪಿನ ಬೆಲೆ ಹೇಳುವಷ್ಟೇ ಸಲೀಸಾಗಿ ಹೇಳುತ್ತಾ ಹೋದರು. ಎದುರಿಗೆ ಕಾಣುವ ಹಸಿರು ಬಾಗಿಲೇ ಸಭೆಯದು, ಒಳಗೆ ಮೆಟ್ಟಿಲು, ಮೇಲೆ ಕಿಟಕಿ ಪಕ್ಕದ ಕುರ್ಚಿ ಅವರದು. ಆರರೊಳಗೆ ಪಾಠ ಮುಗಿಸಿ ಎಂದು ದಿನವೂ ಅವಸರ ಮಾಡುತ್ತಿದ್ದುದು ಇದಕ್ಕೇ. ಮಾಸ್ಟರು ಮೊದಲ ಸುತ್ತು ಹಾಕಿಸಿದಾಗಲೇ ಅವರಿಗೆ ಅನುಮಾನ ಬಂದಿತ್ತಂತೆ.

“ಮುಂಚೆ ನನ್ನ ಕೈಗೆ ಸೈಕಲ್ ಕೊಡೋಕೂ ನನಗೇ ಧೈರ್ಯ ಇರಲಿಲ್ಲ. ಗಾಡಿ ಕಲೀಬಹುದು ಅಂತ ಅನ್ನಿಸಿದ್ದೇ ಇಲ್ಲಿಗೆ ಬಂದ ಮೇಲೆ.”

ಅಷ್ಟರಲ್ಲಿ ಮೇಲಿನಿಂದ ಗೊಳ್ಳೆಂದು ನಗು ಕೇಳಿತು. ಅಳು, ನಿಟ್ಟುಸಿರು, ಹಿತೋಪದೇಶ ಎಲ್ಲವನ್ನೂ ಲೆಕ್ಕ ಹಾಕಿಕೊಂಡು ಬಂದಿದ್ದ ಮಾಸ್ಟರು ಬೆಚ್ಚಿಬಿದ್ದರು.

“ಕುಡೀದೇನೇ ಹೀಗೆ ನಗ್ತಾರಾ?”

“ಯಾರೋ ತಮ್ಮ ಹಳೇ ಪ್ರತಾಪ ಹೇಳ್ತಿರಬೇಕು. ಯಾರದ್ದು ಅಂತ ಹೊರಗೆ ಬಾಯಿ ಬಿಡೋ ಹಾಗಿಲ್ಲ, ಅದು ನಮ್ಮ ಕಟ್ಟುಪಾಡು.”

ಇಷ್ಟು ಹತ್ತಿರ ಬಂದ ಮೇಲೆ ಮಾಸ್ಟರಿಗೆ ಧೈರ್ಯ ಸಾಲಲಿಲ್ಲ. ಭಾವಮೈದುನನನ್ನು ನಾಳೆ ಖಂಡಿತ ಕಳಿಸುತ್ತೇನೆ, ಇವತ್ತಿಗೆ ಪಾಠ ಮುಗಿಯಿತು, ಗಾಡಿಯನ್ನು ಡ್ರೈವಿಂಗ್ ಸ್ಕೂಲಿಗೆ ತಿರುಗಿಸಿ ಎಂದು ಒಂದೇ ಉಸಿರಿಗೆ ಹೇಳಿದರು. ಮೇಡಂ ಒಂದು ಕ್ಷಣ ಅವರ ಮುಖ ನೋಡಿ, ಆಗಲಿ ಎಂದರು. ಕಲಿಸಿಕೊಟ್ಟಿದ್ದನ್ನು ಒಂದೂ ತಪ್ಪದೆ ಮಾಡಿದರು. ಕನ್ನಡಿ ನೋಡಿದರು, ಇಂಡಿಕೇಟರ್ ಹಾಕಿದರು, ಮೊದಲನೇ ಗೇರಿಗೆ ತಂದು ಕ್ಲಚ್ ಬಿಟ್ಟರು. ಕಾರು ಗುರ್ರೆಂದು ಅಲುಗಿ ನಿಂತುಹೋಯಿತು. ಮತ್ತೆ ಸ್ಟಾರ್ಟ್ ಮಾಡಿದರು, ಮತ್ತೆ ಅದೇ ಕಥೆ.

“ನಡೀರಿ ಮೇಡಂ, ಹೋಗೋಣ,” ಎಂದು ಮಾಸ್ಟರು ರೇಗಿದರು. ಹ್ಯಾಂಡ್‌ಬ್ರೇಕ್ ನೋಡಿದರು, ಇಳಿಸಿತ್ತು. ಗೇರ್ ನೋಡಿದರು, ಸರಿಯಾಗಿತ್ತು.

ಮೇಡಂ ಕೆಳಗೆ ಬೆರಳು ತೋರಿಸಿದರು. ಕಲಿಸುವ ಗಾಡಿಯಲ್ಲಿ ಕಲಿಸುವವರ ಕಾಲ ಹತ್ತಿರವೂ ಒಂದು ಬ್ರೇಕ್ ಇರುತ್ತದೆ. ಮಾಸ್ಟರು ಬಗ್ಗಿ ನೋಡಿದರು. ಅವರ ಬಲಗಾಲು ಅದನ್ನು ಬಲವಾಗಿ ಒತ್ತಿ ಹಿಡಿದಿತ್ತು.