ಮೊದಲ ಪುಟದ ಕೊಲೆಗಾರ

ಸಮಸ್ತ ಓದುಗ ಮಹಾಶಯರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಊರಿನ ಚಾರಿತ್ರ್ಯ ತಿದ್ದುವ ಮಹಾಕಾರ್ಯವು ಒಂದು ಬುಧವಾರ ಮಧ್ಯಾಹ್ನ, ಊಟದ ಡಬ್ಬಿ ತೊಳೆದಿಟ್ಟ ಮೇಲೆ, ಒಂದು ಮೊಂಡು ಪೆನ್ಸಿಲ್ಲಿನಿಂದ ಆರಂಭವಾಯಿತು. ಪೆನ್ಸಿಲ್ ಹಿಡಿದವರು ಲೈಬ್ರರಿ ಮೇಡಂ.

ಕಾರಣವಿತ್ತು. ಕಿಟಕಿ ಪಕ್ಕದ ಸದ್ವಿಚಾರದ ಕಪಾಟನ್ನು ಮೇಡಂ ಕೆಲಸಕ್ಕೆ ಸೇರಿದ ಹೊಸತರಲ್ಲಿ ತಾವೇ ಒಂದೊಂದು ಪುಸ್ತಕ ಆರಿಸಿ ತುಂಬಿಸಿದ್ದರು. ಅದರ ಗಾಜಿನ ಬಾಗಿಲು ತೆಗೆದವರಿಲ್ಲ. ಬಂದವರು ಆ ಗಾಜಿನಲ್ಲಿ ಕ್ರಾಪು ಸರಿಮಾಡಿಕೊಂಡು ಪಕ್ಕದ ಪತ್ತೇದಾರಿ ಕಪಾಟಿಗೆ ಕೈಹಾಕುತ್ತಿದ್ದರು. ತಿಂಗಳ ಕೊನೆಯೊಳಗೆ ಅದರಿಂದ ಒಂದಾದರೂ ಪುಸ್ತಕ ಯಾರ ಮನೆಗಾದರೂ ಹೋಗದಿದ್ದರೆ ಕಪಾಟು ಗೋದಾಮಿಗೆ ಎಂದು ಮೇಲಧಿಕಾರಿ ಹೇಳಿಹೋಗಿದ್ದರು. ಜನ ಕೆಟ್ಟದ್ದನ್ನು ಕೆಳಗಿಟ್ಟರೆ ತಾನೇ ಒಳ್ಳೆಯದಕ್ಕೆ ಕೈ ಖಾಲಿಯಾಗುವುದು? ಮೇಡಂ ಪತ್ತೇದಾರಿ ಕಾದಂಬರಿಗಳನ್ನು ಒಂದೊಂದಾಗಿ ತೆಗೆದು, ಕೊನೇ ಪುಟ ನೋಡಿ, ಅಲ್ಲಿ ಸಿಕ್ಕಿದವರನ್ನು ಮೊದಲ ಪುಟಕ್ಕೆ ಎಳೆತಂದರು. ‘ಕೊಲೆಗಾರ: ತೋಟದ ಮಾಲಿ.’ ‘ಕೊಲೆಗಾರ್ತಿ: ಚಿಕ್ಕಮ್ಮ.’ ಗುಟ್ಟು ರಟ್ಟಾದ ಮೇಲೆ ಯಾರು ತಾನೇ ಓದುತ್ತಾರೆ?

ಓದಿದರು. ಮುಗಿಬಿದ್ದು ಓದಿದರು. ಊರಿನ ಅರ್ಧ ಜನಕ್ಕೆ ಸೂಜಿ ಚುಚ್ಚಿ ನಿವೃತ್ತರಾಗಿದ್ದ ನರ್ಸಮ್ಮ ಒಂದು ದಿನ ಕೌಂಟರಿನ ಮೇಲೆ ಮೊಣಕೈಯೂರಿ ಕೇಳಿದರು: “ಮೇಡಂ, ಈ ಮೊದಲನೇ ಪುಟದ ಕಿತಾಪತಿ ಯಾರದ್ದು? ಅವರಿಗೆ ಕೈ ಮುಗೀಬೇಕು.”

“ಕೊಲೆಗಾರ ಯಾರು ಅಂತ ಮೊದ್ಲೇ ಗೊತ್ತಾದ್ರೆ ಬೇಜಾರಾಗಲ್ವಾ?”

“ಅಯ್ಯೋ, ಎಲ್ಲಾ ಸುಳ್ಳು ಕಣಮ್ಮ! ಇಡೀ ಪುಸ್ತಕ ಆ ಮಾಲಿ ಮೇಲೆ ಹಲ್ಲು ಕಡೀತಾ ಓದಿದ್ರೆ, ಕೊನೇಲಿ ಅವನೇ ಹುಡುಗೀನ ಕಾಪಾಡ್ತಾನೆ. ಬರೆದೋರು ಒಂದು ಟೋಪಿ ಹಾಕಿದ್ರೆ ಈ ಪೆನ್ಸಿಲ್ಲು ಅದ್ರ ಮೇಲೊಂದು ಟೋಪಿ. ಮಜಾ ಅಂದ್ರೆ ಮಜಾ!”

“ಸುಳ್ಳು ಹೇಗಾಗುತ್ತೆ? ಕೊನೇ ಪುಟ ನೋಡೇ ನಾನು…” ಮೇಡಂ ನಾಲಿಗೆ ಕಚ್ಚಿಕೊಂಡರು.

ನರ್ಸಮ್ಮ ಕನ್ನಡಕದ ಮೇಲಿಂದ ನೋಡಿದರು. “ಓಹೋ, ನೀವೇನಾ? ಕೊಲೆಗಾರ ಕೊನೇ ಪುಟದ ತನಕ ಇರ್ತಾನೇನ್ರೀ? ಅಷ್ಟೊತ್ತಿಗೆ ಅವನನ್ನ ಜೀಪು ಹತ್ತಿಸಿರ್ತಾರೆ. ಕೊನೇ ಪುಟದಲ್ಲಿ ಕೂತು ಟೀ ಕುಡಿಯೋರೆಲ್ಲ, ಪಾಪ, ಒಳ್ಳೆಯವರು!”

“ನಿಮ್ಮೆಲ್ಲರ ಒಳ್ಳೇದಕ್ಕೇ ಮಾಡಿದ್ದು, ನರ್ಸಮ್ಮ.”

“ಸೂಜಿ ಚುಚ್ಚೋವಾಗ ನಾನೂ ಹಾಗೇ ಅಂತಿದ್ದೆ. ಆದ್ರೆ ಯಾರಿಗೆ ಜ್ವರ ಅಂತ ಕೇಳ್ಕೊಂಡು ಚುಚ್ತಿದ್ದೆ.”

ತಿಂಗಳ ಕೊನೆಯ ದಿನ, ಬಾಗಿಲು ಹಾಕುವ ಹೊತ್ತಿಗೆ, ಮೇಲಧಿಕಾರಿ ಇಬ್ಬರು ಆಳುಗಳೊಂದಿಗೆ ಬಂದರು. ಪತ್ತೇದಾರಿ ಕಪಾಟು ಬೋಳು ಬೋಳು. ಸದ್ವಿಚಾರದ ಕಪಾಟಿನಲ್ಲಿ ಒಂದು ಹಲ್ಲೂ ಉದುರಿರಲಿಲ್ಲ. “ಈಗ್ಲೂ ಕಾಲ ಮಿಂಚಿಲ್ಲ ಮೇಡಂ,” ಎಂದರು ಅಧಿಕಾರಿ. ಕೆಟ್ಟ ಮನುಷ್ಯನಲ್ಲ. “ಯಾರಾದ್ರೂ ಒಬ್ರು ಒಂದೇ ಒಂದು ಪುಸ್ತಕ ತಗೊಂಡ್ರೂ ನಾನು ಹಂಗೇ ವಾಪಸ್ ಹೋಗ್ತೀನಿ.”

ಪೇಪರ್ ಓದುತ್ತ ಕೂತಿದ್ದ ನಾಲ್ಕಾರು ಜನರ ನಡುವಿನಿಂದ, ಮೇಡಂ ಮುಖ ನೋಡಲಾರದೆ, ನರ್ಸಮ್ಮ ಎದ್ದರು. “ತನ್ನಿ ಇಲ್ಲಿ, ಆ ದಪ್ಪದ್ದೇ ತನ್ನಿ. ಒಳ್ಳೇದು ಅಂದ್ರೇನು ಅಂತ ನಾನೇ ಓದಿ ತೀರ್ಮಾನ ಮಾಡ್ತೀನಿ.”

ಅಧಿಕಾರಿ ಅವರ ಕಾರ್ಡು ನೋಡಿ ತಲೆಯಾಡಿಸಿದರು. “ಒಂದು ಕಾರ್ಡಿಗೆ ಎರಡೇ ಪುಸ್ತಕ ಅಮ್ಮ. ನಿಮ್ಮ ಹತ್ರ ಆಗ್ಲೇ ಎರಡಿದೆ. ಒಂದು ವಾಪಸ್ ಕೊಡಿ.”

“ಎರಡೂ ಮನೇಲಿ, ನಮ್ಮ ಯಜಮಾನ್ರ ಕೈಲಿದೆ. ಈಗ ಕಿತ್ಕೊಂಡ್ರೆ ಮನೇಲೇ ಕೊಲೆ ಆಗುತ್ತೆ.”

ಟೈಲರ್ ಕಾರ್ಡು ತೆಗೆದ. ಬಸ್ ಡ್ರೈವರ್ ತೆಗೆದ. ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ತೆಗೆದರು. ಎರಡು ಕೊಲೆ, ಎರಡು ಕೊಲೆ, ಎರಡು ಕೊಲೆ, ಎಲ್ಲವೂ ಅವರವರ ಮನೆಯಲ್ಲಿ. ಪೆನ್ಸಿಲ್ಲಿನ ಪುಣ್ಯದಿಂದ ಒಂದು ಕಾರ್ಡಿನಲ್ಲೂ ಸದ್ವಿಚಾರಕ್ಕೆ ಜಾಗವಿರಲಿಲ್ಲ.

ಅಧಿಕಾರಿಗೆ ತಟ್ಟನೆ ಹೊಳೆಯಿತು. “ಅಲ್ರೀ ಮೇಡಂ, ನಿಮ್ದೂ ಒಂದು ಕಾರ್ಡಿದೆಯಲ್ಲ! ನೀವೇ ತಗೊಳ್ಳಿ, ಮುಗೀತು.”

ಮೇಡಂ ಕಿವಿಗಳು ಕೆಂಪಾದವು. “ನಂದ್ರಲ್ಲೂ… ಎರಡಿದೆ. ಮನೇಲಿ, ದಿಂಬಿನ ಕೆಳಗೆ. ನಾನು ಬರೆದಿದ್ದು ಅಷ್ಟು ತಪ್ಪಾ ಅಂತ ಸುಮ್ನೆ ನೋಡೋಣ ಅಂತ…”

ಆಳುಗಳು ಕಪಾಟನ್ನು ಎರಡು ಬದಿಯಿಂದ ಹಿಡಿದು ಎತ್ತಿದರು. ನರ್ಸಮ್ಮ ಅವರಿಗೆ ದಾರಿ ಬಿಡುತ್ತ ಮೇಡಂ ಪಕ್ಕಕ್ಕೆ ಸರಿದು ಕೇಳಿದರು: “ಯಾವ್ದು ಓದ್ತಿದ್ದೀರಿ, ಆ ಹಡಗಿನ ಕೊಲೆನಾ? ಯಾರು ಮಾಡಿದ್ದು ಹೇಳ್ಬಿಡ್ಲಾ?”

ಮೇಡಂ ಎರಡೂ ಕಿವಿ ಮುಚ್ಚಿಕೊಂಡರು.

“ಬೇಡ ನರ್ಸಮ್ಮ, ನಿಮ್ಮ ದಮ್ಮಯ್ಯ! ಇನ್ನೂ ನಲವತ್ತು ಪುಟ ಇದೆ.”