ಅಕ್ಕ ಬರೆದಿಟ್ಟದ್ದು

ಡಿಜಿಟಲ್ ಏಜೆನ್ಸಿಗೆ ಬಂದ ಹೊಸ ಪ್ರಾಜೆಕ್ಟ್ ಮ್ಯಾನೇಜರಿಗೆ ಕೆಲಸದ ಪರಿಚಯ ಮಾಡಿಸುವ ಹೊಣೆ ಅವಳದಾಗಿತ್ತು. ಕೆಲಸ ಬಿಟ್ಟುಹೋದ ಹಳೆಯ ಮ್ಯಾನೇಜರನ್ನು ಅವಳು ಅಕ್ಕ ಎಂದೇ ಕರೆಯುತ್ತಿದ್ದಳು. ಒಂದು ಆಸ್ಪತ್ರೆಯ ವೆಬ್‌ಸೈಟ್ ಅಕ್ಕನ ಮರೆವಿನಿಂದ ತಡವಾದಾಗ, ಅಕ್ಕನ ಕೆಲಸ ಉಳಿಯಲೆಂದು ತಪ್ಪನ್ನು ತಾನೇ ಹೊತ್ತುಕೊಂಡಿದ್ದಳು. ಆ ವರ್ಷ ಅವಳ ಬಡ್ತಿ ತಪ್ಪಿತು.

“ಹಳೇ ಮೇಡಂ ಹೋಗೋ ಮುಂಚೆ ಎಲ್ಲರ ಬಗ್ಗೆನೂ ಬರ್ದಿಟ್ಟಿದಾರೆ,” ಎಂದ ಹೊಸಬ, ಲ್ಯಾಪ್‌ಟಾಪ್ ನೋಡುತ್ತ. “ನಿಮ್ಮ ಹೆಸರಿನ ಮುಂದೆ, ‘ಕ್ಲೈಂಟ್ ಮೀಟಿಂಗಿಗೆ ಇವಳನ್ನು ತಪ್ಪದೆ ಕರೆದುಕೊಂಡು ಹೋಗಿ’ ಅಂತಿದೆ.”

ಅವಳ ಮುಖ ಅರಳಿತು. “ನೋಡಿ ಸಾರ್, ಅಕ್ಕ ನನ್ನ ಮರ್ತಿಲ್ಲ. ಬಡ್ತಿ ಬಗ್ಗೆನೂ ಬರ್ದಿರ್ತಾರೆ. ಮುಂದೆ ಓದಿ.”

ಅವನು ಮನಸ್ಸಿನಲ್ಲೇ ಓದಿಕೊಂಡ. ಆಮೇಲೆ ಹೇಳಿದ: “ಮಧ್ಯಾಹ್ನದ ಮೀಟಿಂಗಿಗೆ ನೀವು ಬರೋದು ಬೇಡ ಬಿಡಿ.”

“ಯಾಕ್ ಸಾರ್? ಕರ್ಕೊಂಡು ಹೋಗಿ ಅಂತ ಅಕ್ಕನೇ ಬರ್ದಿದಾರಲ್ಲ!”

ಅವನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ.

‘ಕೆಲಸ ತಡವಾದಾಗ ಇವಳನ್ನು ತೋರಿಸಿ, ತಪ್ಪು ಇವಳದೇ ಎನ್ನಿ. ಬಾಯಿ ಬಿಡುವವಳಲ್ಲ.’