ತೇವ ಹೋದ ನಾಲಿಗೆ

ಮಂಡಿನೋವು ತಾಳಲಾರದೆ ತೂಕ ಇಳಿಸಿಕೊಳ್ಳಲು ಬಂದಿದ್ದ ಸರ್ವಮಂಗಳಮ್ಮನ ನಾಲಿಗೆ ನೋಡಿ, ಚೀನೀ ವೈದ್ಯಪದ್ಧತಿ ಕಲಿತು ಬಂದಿದ್ದ ಡಾಕ್ಟರು ಮುಖ ಕಿವುಚಿದರು.

"ಬಿಳೀ ಪದರ ಹೆಂಗೆ ಕಟ್ಟಿದೆ ನೋಡಿ! ಅಂದ್ರೆ ಮೈಯೊಳಗೆಲ್ಲ ತೇವ ತುಂಬಿದೆ ಅಂತ. ಅದು ಹೋಗದೆ ತೂಕ ಇಳಿಯಲ್ಲ. ಮೊಸರು, ಸಿಹಿ ಬಿಡಿ. ಈ ಕಷಾಯ ದಿನಾ ಕುಡೀರಿ."

ತಿಂಗಳು ಬಿಟ್ಟು ಬಂದ ಆಕೆ ಹೆಮ್ಮೆಯಿಂದ ನಾಲಿಗೆ ಚಾಚಿದರು. ಒಂದು ಚೂರೂ ಬಿಳುಪಿಲ್ಲ. ಡಾಕ್ಟರು ಹೊರಗೆ ಕಾದಿದ್ದವರನ್ನೂ ಒಳಗೆ ಕರೆದರು.

"ಎಲ್ಲಾ ನೋಡ್ರಪ್ಪ, ಒಂದೇ ತಿಂಗಳಿಗೆ ತೇವ ಪೂರ್ತಿ ಹೋಗಿದೆ! ಅಮ್ಮ, ಈಗ ತೂಕದ ಮೆಷಿನ್ ಹತ್ತಿ."

ಮುಳ್ಳು ಹೋದ ಸಲಕ್ಕಿಂತ ಎರಡು ಕಿಲೋ ಹೆಚ್ಚು ತೋರಿಸಿತು.

"ಮೆಷಿನ್ ಕೆಟ್ಟಿರಬೇಕು. ನಾಲಿಗೆ ಮಾತ್ರ ಸುಳ್ಳು ಹೇಳಲ್ಲ," ಎಂದರು ಡಾಕ್ಟರು. "ಕಷಾಯ ಹೆಂಗೆ ಕುಡಿದ್ರಿ, ಇವರಿಗೂ ಹೇಳಿ."

"ಅಯ್ಯೋ, ಆ ಕಹಿ ಯಾರು ಕುಡೀತಾರೆ ಸಾರ್? ಅವತ್ತು ನೀವು ಮುಖ ಕಿವುಚಿದ್ದು ನೋಡಿ ನಂಗೆ ನಾಚಿಕೆ ಆಗೋಯ್ತು. ಆವಾಗಿಂದ ದಿನಾ ಎರಡು ಹೊತ್ತೂ ಇದೇ," ಎನ್ನುತ್ತ ಆಕೆ ಚೀಲದಿಂದ ಸ್ಟೀಲಿನ ಟಂಗ್ ಕ್ಲೀನರ್ ತೆಗೆದು ಎಲ್ಲರಿಗೂ ತೋರಿಸಿದರು.